ಮುಚ್ಚುವಾಗ ಬರುವ ಸದ್ದು

ಕಿವಿ ಮೇಸ್ತ್ರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ, "ಮೂರನೇ ಸಿಲಿಂಡರ್ ಮಲಗಿದೆ, ಹಿಂದಿನ ಎಡಚಕ್ರದ ಬೇರಿಂಗ್ ಹೋಗಿದೆ" ಎನ್ನುತ್ತ ಕೈ ಒರೆಸಿಕೊಂಡು ಎದ್ದು ಬರುತ್ತಿದ್ದ ಮನುಷ್ಯ ಅವನು. ಮೂವತ್ತು ವರ್ಷ ಹಾಗೆಯೇ ನಡೆಯಿತು. ಅಳತೆಯ ಗೇಜುಗಳು ಗ್ಯಾರೇಜಿನ ಮೊಳೆಗೆ ನೇತುಬಿದ್ದು ತುಕ್ಕು ಹಿಡಿದಿದ್ದವು. ಕೆಲಸ ಮುಗಿದ ಗಾಡಿಯ ಬಾನೆಟ್ಟಿನ ಒಳಗೆ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟು, ಅದರ ನಂಬರನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಚುಕ್ಕೆ ಇದೆ ಎಂದರೆ ಮೇಸ್ತ್ರಿ ಕೇಳಿದ್ದಾನೆ ಎಂದರ್ಥ, ಅದರ ಮೇಲೆ ಇನ್ನು ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಆ ಕಿವಿ ಹೋಗಿ ಎರಡು ವರ್ಷವಾಗಿತ್ತು. ಒಂದೇ ಸಲ ಹೋಗಿದ್ದರೆ ಅವನೂ ಒಪ್ಪಿಕೊಳ್ಳುತ್ತಿದ್ದನೋ ಏನೋ. ಮೊದಲು ಗುಬ್ಬಚ್ಚಿಗಳು ಹೋದವು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಸ್ಪ್ಯಾನರು ನೆಲಕ್ಕೆ ಬಿದ್ದ ಸದ್ದು. ದಪ್ಪ ಗುಡುಗುಡು ಮಾತ್ರ ಉಳಿದಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದನ್ನು ಅವನು ಕಳ್ಳನ ಹಾಗೆ ಗುಟ್ಟಾಗಿ ಕಲಿತುಕೊಂಡ. ಫೋನು ಬಂದರೆ "ಕೈಯೆಲ್ಲ ಗ್ರೀಸು, ನೀನೇ ಮಾತಾಡು" ಎಂದು ಹೆಂಡತಿಯ ಕಡೆ ತಳ್ಳುತ್ತಿದ್ದ. ಅವಳು ಅಲ್ಲೇ ಬಿಡಿಭಾಗಗಳ ಕೌಂಟರಿನಲ್ಲಿ ಕೂರುತ್ತಿದ್ದಳು. ಗಂಡನಿಗೆ ಸೋಮಾರಿತನ ಹೆಚ್ಚಾಯಿತು ಎಂದಷ್ಟೇ ತಿಳಿದಿದ್ದಳು.

ಇದ್ದ ಒಬ್ಬಳೇ ಮಗಳಿಗೆ ಗುಡ್ಡದ ಮೇಲಿನ ವಿದ್ಯುತ್ ಗೋಪುರಗಳನ್ನು ತಪಾಸಣೆ ಮಾಡುವ ಕೆಲಸ. ಓಡಾಟಕ್ಕೆ ನಾಲ್ಕು ಚಕ್ರಕ್ಕೂ ಎಳೆತವಿರುವ, ಅವಳಿಗಿಂತ ಎರಡು ವರ್ಷ ದೊಡ್ಡದಾದ ಒಂದು ಗುಡ್ಡಗಾಡಿ. ಅದಕ್ಕೆ ಅವಳು 'ಅಜ್ಜ' ಎಂದು ಹೆಸರಿಟ್ಟಿದ್ದಳು.

"ಅಪ್ಪಾ, ಏರು ಬಂದ್ರೆ ಅಜ್ಜನಿಗೆ ಉಸಿರು ಸಾಲಲ್ಲ. ಕಾಲು ಪೂರ್ತಿ ಒತ್ತಿದ್ರೂ ಕೆಮ್ತಾ ನಿಲ್ತಾನೆ."

ಮಗಳು ಬಾಯಿಬಿಟ್ಟು ಕೇಳಿದ್ದೇ ಅಪರೂಪ. ಮೇಸ್ತ್ರಿ ಉಬ್ಬಿಹೋದ. ಇಂಜಿನ್ನಿಗೆ ಗಾಳಿ ಬಿಡುವ ಬಾಯಿಯೇ ಥ್ರಾಟಲ್ ಬಾಡಿ. ಅದರೊಳಗೆ ನಾಣ್ಯದಂಥ ಒಂದು ಬಿಲ್ಲೆ ಇರುತ್ತದೆ. ಕಾಲು ಒತ್ತಿದರೆ ಬಿಲ್ಲೆ ತೆರೆಯುತ್ತದೆ, ಬಿಟ್ಟರೆ ಸ್ಪ್ರಿಂಗು ಅದನ್ನು ಎಳೆದು ಮುಚ್ಚುತ್ತದೆ. ಅಜ್ಜನ ಬಾಯಿ ಚಿಕ್ಕದು. ಗುಜರಿಗೆ ಹೋದ ದೊಡ್ಡ ಇಂಜಿನ್ನೊಂದರ ಅಗಲವಾದ ಬಾಯಿ ಮೇಸ್ತ್ರಿಯ ಕಪಾಟಿನಲ್ಲಿತ್ತು. ಅದನ್ನು ಕೂರಿಸಲು ನಡುವೆ ಒಂದು ಲೋಹದ ತಟ್ಟೆ ಬೇಕಿತ್ತು. ಪಕ್ಕದ ಬೀದಿಯಲ್ಲಿ ಲೇತ್ ಇಟ್ಟಿದ್ದ ಭಾವಮೈದುನ ಅದನ್ನು ಕಡೆದುಕೊಟ್ಟ.

"ಭಾವ, ಬಿಲ್ಲೆ ಬಹಳ ಬಿಗಿಯಾಗಿದೆ," ಎಂದ ಅವನು. "ತಣ್ಣಗಿದ್ದಾಗ ಸರಿ. ಬಿಸಿಯಾದ್ರೆ ಅಂಚು ಕಚ್ಕೊಂಡು ತೆರೆದೇ ನಿಂತುಬಿಡಬಹುದು. ಬಿಸಿಯಾದ್ಮೇಲೆ ಒಂದ್ಸಲ ಗೇಜ್ ಹಾಕಿ ನೋಡಿ."

"ಹೋದ ತಿಂಗಳು ನಿನ್ನ ವ್ಯಾನಿನ ಬೇರಿಂಗಿಗೆ ಗೇಜ್ ಹಾಕಿದ್ನಾ? ಕಿವಿಯಲ್ಲೇ ಕೇಳಿ, ಚುಕ್ಕೆ ಇಟ್ಟು ಕಳಿಸ್ದೆ. ಓಡ್ತಿಲ್ವಾ?"

ಭಾವಮೈದುನ ನಕ್ಕ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಆದರೆ ಹೆಸರು ಮಾಡಿದವರಿಗೆ ಗಾದೆ ಹೇಳುವ ಧೈರ್ಯ ಯಾರಿಗಿದೆ?

ಮರುದಿನ ಬೆಳಿಗ್ಗೆ ಕೆಲಸ ಮುಗಿಯಿತು. ಇಂಜಿನ್ ತಣ್ಣಗಿರುವಾಗ ಮೇಸ್ತ್ರಿ ಬಿಲ್ಲೆಯ ಸನ್ನೆಕೋಲನ್ನು ಎಳೆದು ಬಿಟ್ಟ, ಎರಡು ಸಲ. ಬಿಲ್ಲೆ ಮುಚ್ಚಿಕೊಂಡಿತು. ಗಾಡಿಯನ್ನು ಇಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಇಂಜಿನ್ ನಿಲ್ಲಿಸಿ, ತನ್ನ ಹೆಸರಾಂತ ಪರೀಕ್ಷೆಗೆ ನಿಂತ. ಕಣ್ಣು ಮುಚ್ಚುವುದು, ತಲೆ ಒಂದು ಕಡೆಗೆ ವಾಲಿಸುವುದು, ಸನ್ನೆ ಎಳೆದು ಬಿಡುವುದು. ಬಿಲ್ಲೆ ಪೂರ್ತಿ ಕೂತರೆ 'ಟಕ್' ಎನ್ನುತ್ತದೆ. ಕೂದಲೆಳೆಯಷ್ಟು ತೆರೆದಿದ್ದರೂ ಅನ್ನುವುದಿಲ್ಲ. ಅವನು ಬಿಟ್ಟ. ಅವನ ಪಾಲಿನ ಜಗತ್ತು ಎಂದಿನ ಹಾಗೆ ಮೌನವಾಗಿತ್ತು. ಹಳೆಯ ಅಭ್ಯಾಸದ ಮೇಲೆ ತಲೆಯಾಡಿಸಿದ.

ಕಣ್ಣು ಬಿಟ್ಟಾಗ ಮಗಳ ತುಟಿ ಅಲುಗುತ್ತಿತ್ತು. "ನಂಗೇನೂ ಕೇಳಿಸ್ಲಿಲ್ವಲ್ಲ ಅಪ್ಪಾ?"

"ನಿನ್ನ ಕಿವಿ ಇನ್ನೂ ಎಳಸು. ಗಡಿಯಾರದ ಹಾಗೆ ಬಿತ್ತು."

ಮಗಳು ನಂಬಿದಳು. ಅವಳು ಮತ್ತೆ ಚಾಲೂ ಮಾಡಿದಾಗ ಇಂಜಿನ್ ಕಾಲು ಒತ್ತದೆಯೂ ತುಸು ಜೋರಾಗಿ ಓಡುತ್ತಿರುವುದನ್ನು ಅವನ ಅಂಗೈ ಬಾನೆಟ್ಟಿನ ಮೇಲೆ ಗುರುತಿಸಿತು. ದೊಡ್ಡ ಬಾಯಿ, ಅಷ್ಟು ಇದ್ದದ್ದೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಚುಕ್ಕೆ ಇಟ್ಟ. ಮಗಳು ಕೈ ಬೀಸಿ ಹೋದಳು.

ಅದಾದ ಮೇಲೆ ಅವನಿಗೆ ಕೆಲಸ ಓಡಲಿಲ್ಲ. ಯಾವುದೋ ನಟ್ಟು ಬಿಚ್ಚಲು ಹೋಗಿ ಬಿಗಿ ಮಾಡಿದ. ಚಹಾ ತಣ್ಣಗಾಯಿತು. ಬೆಂಚಿನ ಮೇಲೆ ಅಜ್ಜನ ಹಳೆಯ ಥ್ರಾಟಲ್ ಬಾಡಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಅತ್ತ ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅತ್ತಲೇ ಹೋಗುತ್ತಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಭಾವಮೈದುನ ತನ್ನ ಒಂದು ಉಪಕರಣ ಕೇಳಿಕೊಂಡು ಬಂದ. ಸುಮ್ಮನೆ ನಿಲ್ಲಲಾರದ ಕೈ ಅವನದು. ಮಾತಾಡುತ್ತ ಬೆಂಚಿನ ಮೇಲಿದ್ದ ಹಳೆಯದರ ಸನ್ನೆಯನ್ನು ಎಳೆದು ಬಿಟ್ಟ, ಮತ್ತೆ ಎಳೆದು ಬಿಟ್ಟ.

"ಆಹಾ, ಮುದುಕನಾದ್ರೂ ಎಷ್ಟು ಚೆನ್ನಾಗಿ ಟಕ್ ಅಂತಾನೆ ನೋಡಿ ಭಾವ!"

ಮೇಸ್ತ್ರಿ ನೋಡಿದ. ಮೂರಡಿ ದೂರದಲ್ಲಿ ಬಿಲ್ಲೆ ಮುಚ್ಚಿಕೊಳ್ಳುತ್ತಿತ್ತು, ಕಣ್ಣೆದುರಿಗೇ. ಏನೂ ಕೇಳಲಿಲ್ಲ.

"ಹೊಸದು ಬಿಸಿಯಾದ್ಮೇಲೆ ಟಕ್ ಅಂತಾ?" ಎಂದು ಭಾವಮೈದುನ ಕೇಳಿದ. ಮೇಸ್ತ್ರಿ ಬಾಯಿ ತೆರೆಯುವಷ್ಟರಲ್ಲಿ ಕೌಂಟರಿನಿಂದ ಹೆಂಡತಿ ಎದ್ದು ಬಂದಳು. ಅವಳ ತುಟಿಗಳು ನಿಧಾನವಾಗಿ ಅಲುಗಿದವು.

"ತಣ್ಣಗಿದ್ದಾಗ ಎರಡು ಸಲ ಅಂತು, ನಂಗೆ ಅಲ್ಲಿಗೇ ಕೇಳಿಸ್ತು. ಬಿಸಿಯಾದ್ಮೇಲೆ ಕೇಳಿಸ್ಲಿಲ್ಲ ಕಣೋ. ಇವರೇ ತಲೆಯಾಡಿಸಿದ್ಮೇಲೆ ನಂದೇನು, ನನ್ನ ಕಿವಿನೇ ಸರಿ ಇಲ್ಲ ಅಂದ್ಕೊಂಡೆ."

ಮಗಳಿಗೆ ಕೇಳಿಸಿರಲಿಲ್ಲ. ಹೆಂಡತಿಗೂ ಕೇಳಿಸಿರಲಿಲ್ಲ. ಇಬ್ಬರ ಒಳ್ಳೆಯ ಕಿವಿಗಳನ್ನು ಅವನ ಒಂದು ತಲೆಯಾಟ ಕಿವುಡು ಮಾಡಿತ್ತು. ಮೂರು ಗಂಟೆ. ಮಗಳು ಗೋಪುರ ನೋಡಿ ಇಳಿಯುವ ಸಮಯ. ಏರಿ ಏರಿ ಕಾದ ಇಂಜಿನ್ನು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲದ ದಾರಿ.

ಗ್ರೀಸು ಕೈಯಲ್ಲೇ ಅವನು ಫೋನ್ ಎತ್ತಿದ. ಎರಡು ವರ್ಷದಲ್ಲಿ ಅವನು ಫೋನ್ ಕಿವಿಗಿಟ್ಟದ್ದು ಅದೇ ಮೊದಲು. ಪರದೆಯ ಮೇಲೆ ಸೆಕೆಂಡುಗಳು ಓಡತೊಡಗಿದವು. ಮಗಳು ಗಾಡಿಯಲ್ಲಿ ಫೋನನ್ನು ಮುಂದಿನ ಹಿಡಿಕೆಗೆ ಸಿಕ್ಕಿಸಿ ಸ್ಪೀಕರಿನಲ್ಲಿ ಮಾತಾಡುವವಳು, ಅಂದರೆ ಕರೆ ಎತ್ತಿದ್ದಾಳೆ. ಅವನ ಕಿವಿಯಲ್ಲಿ ಮಾತ್ರ ಬಾವಿಯೊಳಗಿನ ಗಾಳಿಯಂಥ ಒಂದು ಹೂಂಕಾರ. ಅವಳು ಮಾತಾಡುತ್ತಿದ್ದಾಳೋ, ಅರಚುತ್ತಿದ್ದಾಳೋ ತಿಳಿಯಲಿಲ್ಲ.

ಅವನು ಫೋನನ್ನು ಹೆಂಡತಿಯ ಮುಂದೆ ಹಿಡಿದ.

"ನಂಗೆ ಕೇಳಿಸಲ್ಲ. ಎರಡು ವರ್ಷದಿಂದ ಕೇಳಿಸಲ್ಲ. ನೀನು ಕೇಳು, ಬೇಗ!"

ಹೆಂಡತಿ ಅವನನ್ನು ಒಂದು ಕ್ಷಣ ನೋಡಿದಳು. ಆ ನೋಟಕ್ಕೆ ಉತ್ತರ ಕೊಡಲು ಆಗ ಸಮಯವಿರಲಿಲ್ಲ. ಫೋನ್ ಕಿವಿಗಿಟ್ಟುಕೊಂಡದ್ದೇ ಅವಳ ಮುಖ ಬಿಳಿಚಿತು.

"ಇಂಜಿನ್ ಅರಚ್ತಾ ಇದೆ. ಕಾಲು ತೆಗೆದ್ರೂ ಓಡ್ತಾ ಇದೆಯಂತೆ, ಬ್ರೇಕ್ ಹಿಡೀತಿಲ್ವಂತೆ ರೀ!"

"ಕೀ ಒಂದೇ ಹಂತ ಹಿಂದಕ್ಕೆ ತಿರುಗಿಸ್ಲಿ, ಇಂಜಿನ್ ನಿಲ್ಲುತ್ತೆ! ಒಂದೇ ಹಂತ! ಪೂರ್ತಿ ತಿರುಗಿಸಿದ್ರೆ ಸ್ಟೇರಿಂಗ್ ಕಟ್ಕೊಳ್ಳುತ್ತೆ. ಆಮೇಲೆ ಗಾಡೀನ ಗುಡ್ಡಕ್ಕೆ ಉಜ್ಜಿ ನಿಲ್ಲಿಸ್ಲಿ."

ಹೆಂಡತಿ ಒಂದೊಂದೇ ಮಾತನ್ನು ಫೋನಿಗೆ ಕೂಗಿದಳು. ಆಮೇಲೆ ಅದನ್ನು ಕಿವಿಗೆ ಒತ್ತಿ ಹಿಡಿದಳು. ಮೇಸ್ತ್ರಿ ಹೆಂಡತಿಯ ತುಟಿಗಳನ್ನೇ ನೋಡುತ್ತಿದ್ದ. ಅವು ಅಲುಗಲಿಲ್ಲ. ಜೀವಮಾನದಲ್ಲಿ ಅವನು ಅಷ್ಟು ಹೆದರಿರಲಿಲ್ಲ.

ಕೊನೆಗೆ ತುಟಿಗಳು ಅಲುಗಿದವು. "ನಿಂತಿದೆ. ಬಂಡೆಗೆ ಉಜ್ಜಿ ನಿಂತಿದೆ. ಅಳ್ತಾ ಇದಾಳೆ. ಏನೂ ಆಗಿಲ್ಲ, ಅಳ್ತಾ ಇದಾಳೆ ಅಷ್ಟೇ."

ಮೇಸ್ತ್ರಿ ಬೆಂಚಿನ ಕಾಲು ಹಿಡಿದು ನೆಲಕ್ಕೆ ಕುಸಿದ. ಹೆಂಡತಿ ಫೋನನ್ನು ಎದೆಗೆ ಒತ್ತಿಕೊಂಡು ಬಾಗಿ, ಅವನಿಗೆ ಕಾಣುವ ಹಾಗೆ ಹೇಳಿದಳು. "ಅಪ್ಪನಿಗೆ ಕೊಡು ಅಂತಿದಾಳೆ."

"ಕೊಟ್ರೆ ನಂಗೇನು ಕೇಳಿಸುತ್ತೆ?" ಎಂದ ಅವನು. ಅತ್ತುಬಿಟ್ಟ.

ಹೆಂಡತಿ ಮಗಳಿಗೆ ಸಮಾಧಾನ ಹೇಳುತ್ತ ಬಾಗಿಲ ಕಡೆ ಹೋದಳು. ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಅವನ ಎದುರಿಗೆ ಗೋಡೆ ಇತ್ತು. ಸೀಮೆಸುಣ್ಣದ ನಂಬರುಗಳು, ಮೇಲಿಂದ ಕೆಳಗೆ, ಸಾಲು ಸಾಲು. ಗುಬ್ಬಚ್ಚಿಗಳು ಹೋದದ್ದು ಯಾವ ಸಾಲಿನಲ್ಲಿ? ಕುಕ್ಕರಿನ ಸೀಟಿ ಯಾವ ಸಾಲಿನಲ್ಲಿ? ಅಲ್ಲಿಂದ ಈಚೆಗೆ ಎಷ್ಟು ಚುಕ್ಕೆ ಇಟ್ಟಿದ್ದ, ಎಷ್ಟು ಮನೆಯವರು ಅದನ್ನು ನಂಬಿ ಇವತ್ತು ರಸ್ತೆಯ ಮೇಲಿದ್ದಾರೆ?

ಭಾವಮೈದುನ ಗೋಡೆಯ ಕೊನೆಯ ಸಾಲುಗಳಲ್ಲಿ ಒಂದು ನಂಬರಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ. ಅದು ಅವನದೇ ವ್ಯಾನಿನದು. ನಿಧಾನವಾಗಿ ತಿರುಗಿದ.

"ಭಾವ," ಎಂದ. "ಆ ಬೇರಿಂಗ್ ಸದ್ದು ನಿಜವಾಗ್ಲೂ ಕೇಳಿದ್ರಾ?"

ಮೇಸ್ತ್ರಿ ಅವನ ತುಟಿಯಿಂದ ಕಣ್ಣು ಕೀಳಲಿಲ್ಲ. ಇಲ್ಲ ಎಂದು ತಲೆಯಾಡಿಸಿದ.

"ಬೆಳಿಗ್ಗೆ ನನ್ನ ಹೆಂಡ್ತಿ ಅದೇ ವ್ಯಾನಲ್ಲಿ ಮಕ್ಕಳನ್ನ ಕೂರಿಸ್ಕೊಂಡು ತವರಿಗೆ ಹೊರಟ್ಲು," ಎಂದ ಭಾವಮೈದುನ. ಜೇಬಿನಿಂದ ಫೋನ್ ತೆಗೆದು ನಂಬರು ಒತ್ತಿ ಕಿವಿಗಿಟ್ಟುಕೊಂಡ. ಮೇಸ್ತ್ರಿ ನೆಲದ ಮೇಲೆ ಕೂತಲ್ಲಿಂದಲೇ ಅವನ ಮುಖ ನೋಡುತ್ತ ಕಾದ.