ಬಲಗಡೆಯ ಹೂವು

ಎಡಗಡೆಯ ಹೂವು ಮೊದಲು ಬಿತ್ತು.

ಮಾರಮ್ಮನ ಎಡ ಭುಜಕ್ಕೆ ನೀರು ಮುಟ್ಟಿಸಿ ಅಂಟಿಸಿದ್ದ ಕೆಂಪು ಕಣಗಿಲೆ ಮೆಲ್ಲಗೆ ಜಾರಿ, ಕಲ್ಲಿನ ಮೇಲಿನ ಅರಿಸಿನದಲ್ಲಿ ಸಣ್ಣದೊಂದು ಗೆರೆ ಎಳೆದು, ಪೀಠದ ಅಂಚಿಗೆ ಬಂದು ಕೂತಿತು. ಬಲ ಭುಜದ ಹೂವು ಅಲ್ಲಾಡಲೂ ಇಲ್ಲ. ಕೆಸರೆಯ ಆ ಪುಟ್ಟ ಗುಡಿಯಲ್ಲಿ ಇದನ್ನು ಕಂಡವಳು ಸಿಂಚನ ಒಬ್ಬಳೇ. ಪೂಜಾರಿ ಮಂಟೇಸ್ವಾಮಿ ಹೊರಗೆ ಯಾರದೋ ಹೊಸ ಬೈಕಿನ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದ. ಅತ್ತೆ ದೇವಿರಮ್ಮ ಪಕ್ಕದಲ್ಲೇ ಕಣ್ಣು ಮುಚ್ಚಿ, ಕೈ ಮುಗಿದು, ತುಟಿ ಅಲುಗಿಸುತ್ತ ನಿಂತಿದ್ದಳು.

ಬಲಕ್ಕೆ ಬಿದ್ದರೆ ಅಮ್ಮ ಒಪ್ಪಿದಳು, ಎಡಕ್ಕೆ ಬಿದ್ದರೆ ಬೇಡವೆಂದಳು. ದೇವಿರಮ್ಮನ ಮನೆಯಲ್ಲಿ ಇದಕ್ಕೆ ಎದುರುಮಾತಿಲ್ಲ. ಮಗ ಪುನೀತನಿಗೆ ಹೆಣ್ಣು ಗೊತ್ತು ಮಾಡುವಾಗಲೂ ಇಲ್ಲಿಗೇ ಬಂದು ಕೇಳಿದ್ದಳಂತೆ. ಆವತ್ತು ಹೂವು ಬಲಕ್ಕೆ ಬಿದ್ದದ್ದಕ್ಕೇ ಸಿಂಚನ ಈ ಮನೆಯ ಸೊಸೆ. ಇವತ್ತು ಕೇಳಿದ್ದು ತನ್ನದೇ ಕುತ್ತಿಗೆಯಲ್ಲಿ ಎದ್ದ ಗಂಟಿನ ವಿಷಯ, ಅದಕ್ಕೆ ಸೂಜಿ ಹಾಕಿ ಪರೀಕ್ಷೆ ಮಾಡಿಸಬೇಕೋ ಬೇಡವೋ ಎಂದು. "ಅಮ್ಮ ಬಲಗಡೆ ಕೊಟ್ರೆ ಸೂಜಿ ಹಾಕಿಸ್ಕೊತೀನಿ. ಕೊಡ್ನಿಲ್ಲ ಅಂದ್ರೆ ಇನ್ಮೇಲೆ ಈ ಮಾತ ಯಾರೂ ಎತ್ತಂಗಿಲ್ಲ," ಎಂದು ಹೇಳಿಯೇ ಅವಳು ಮನೆಯಿಂದ ಹೊರಟಿದ್ದಳು.

ಸಿಂಚನ ಎರಡು ಹೆಜ್ಜೆ ಮುಂದೆ ಹೋದಳು. ಬಿದ್ದ ಹೂವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು, ಮಾರಮ್ಮನ ಬಲ ಭುಜಕ್ಕೆ ಅಡ್ಡವಾಗಿ ನಿಂತಳು.

"ಅತ್ತೆ, ಬಲಗಡೆ ಕೊಟ್ಲು."

ದೇವಿರಮ್ಮ ಕಣ್ಣು ಬಿಟ್ಟಳು. ದೇವಿಯ ಕಡೆ ನೋಡಿದಳು, ಸೊಸೆಯ ಅಂಗೈ ನೋಡಿದಳು. ಅಂಗೈ ನಡುಗುತ್ತಿತ್ತು.

"ನೀನೇ ಕಣ್ಣಾರೆ ನೋಡ್ದಾ?"

"ಹೂಂ ಅತ್ತೆ."

ದೇವಿರಮ್ಮ ಇನ್ನೊಮ್ಮೆ ದೇವಿಯ ಕಡೆ ನೋಡಿದಳು. ಆಮೇಲೆ ಹೂವನ್ನು ತೆಗೆದುಕೊಂಡು ತುರುಬಿಗೆ ಸಿಕ್ಕಿಸಿಕೊಂಡಳು. "ಸರಿ ಬುಡು. ನಾಳಿಕೇ ಹೋಗವ."

ಗಂಟು ಸಿಕ್ಕಿದ್ದು ಅಕಸ್ಮಾತ್ತಾಗಿ. ದೇವಿರಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಒಗ್ಗರಣೆಯ ಹೊಗೆಗೆ ಹತ್ತಿದ ಕೆಮ್ಮು ಬಿಡಲಿಲ್ಲವೆಂದು ದೊಡ್ಡಾಸ್ಪತ್ರೆಗೆ ಹೋದರೆ, ಅಲ್ಲಿಯ ಡಾಕ್ಟರು ಎದೆ ನೋಡಿ, ಗಂಟಲು ನೋಡಿ, ಕುತ್ತಿಗೆಯ ಮೇಲೆ ಆಡಿಸಿದ ಬೆರಳನ್ನು ಒಂದು ಕಡೆ ನಿಲ್ಲಿಸಿದರು. ಕೆಮ್ಮು ವಾರದಲ್ಲಿ ಹೋಯಿತು. ಗಂಟು ಉಳಿಯಿತು. ನೋವಿಲ್ಲ, ಊತ ಕಾಣುವುದಿಲ್ಲ, ಮುಟ್ಟಿದರೆ ಮಾತ್ರ ಅವರೆಕಾಳಿನ ಹಾಗೆ ಸಿಗುತ್ತಿತ್ತು.

ಸ್ಕ್ಯಾನಿಂಗ್ ಆದ ದಿನ ಡಾಕ್ಟರ್ ಅಪೂರ್ವ ಎದುರಿಗೆ ಕೂರಿಸಿಕೊಂಡು ಹೇಳಿದ್ದರು. "ಹೆದರ್ಕೋಬೇಡಿ ಅಮ್ಮ. ಥೈರಾಯ್ಡ್ ಗಂಟು ಇರೋರು ಊರ ತುಂಬ ಇದಾರೆ, ಎಷ್ಟೋ ಜನಕ್ಕೆ ಇರೋದೇ ಗೊತ್ತಿಲ್ಲ. ಹೆಚ್ಚಿನವು ತಮ್ಮ ಪಾಡಿಗೆ ಇರ್ತವೆ, ಏನೂ ಮಾಡಲ್ಲ. ಆದ್ರೆ ನಿಮ್ಮ ಗಂಟಿನ ಒಳಗೆ ಸಣ್ಣ ಸಣ್ಣ ಬಿಳಿ ಚುಕ್ಕಿ ಕಾಣ್ತಿದೆ, ಅಂಚೂ ನುಣ್ಣಗಿಲ್ಲ. ಅದಕ್ಕೇ ಸೂಜಿ ಹಾಕಿ ಒಂದಿಷ್ಟು ತೆಗೆದು ನೋಡೋಣ ಅಂತಿದೀನಿ."

ಸೂಜಿ ಎಂದದ್ದೇ ತಡ, ದೇವಿರಮ್ಮ ಸೆರಗು ಹೊದ್ದು ಎದ್ದಿದ್ದಳು. "ಇರೋದ ಯಾಕೆ ಕೆಣಕಬೇಕು? ನಮ್ಮಕ್ಕನ ಎದೆ ಗಂಟಿಗೂ ಇಂಗೇ ಚುಚ್ಚುದ್ರು. ಆರು ತಿಂಗ್ಳು ಉಳೀನಿಲ್ಲ."

ಅಕ್ಕ ಚೆಲುವಮ್ಮನ ಕಥೆಯನ್ನು ಸಿಂಚನ ಎಷ್ಟೋ ಸಲ ಕೇಳಿದ್ದಳು. ಗಂಟು ನಿಂಬೆಹಣ್ಣಿನಷ್ಟಾಗಿ, ಚರ್ಮ ಒಡೆದ ಮೇಲೆ ಅವಳು ಬಾಯಿ ಬಿಟ್ಟದ್ದು. ಅಲ್ಲಿಯ ತನಕ ಸೊಪ್ಪು ಅರೆದು ಕಟ್ಟಿಕೊಂಡು ಕೂತಿದ್ದಳಂತೆ. ಆದರೆ ಮನೆಯವರ ನೆನಪಿನಲ್ಲಿ ಉಳಿದದ್ದು ಸೂಜಿ ಮಾತ್ರ. ಪುನೀತನಿಗೆ ಹೇಳಿದರೆ, ಟೈಲ್ಸ್ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ ಅವನು, "ಅವ್ವ ಒಪ್ಪಲ್ಲ ಬುಡು. ಬಲವಂತ ಮಾಡುದ್ರೆ ಊಟ ಬಿಟ್ಬುಡ್ತಾಳೆ," ಎಂದ. ಹೇಳುತ್ತ ತೊಳೆದ ಕಾಲನ್ನೇ ಮತ್ತೆ ತೊಳೆದ.

ಸಿಂಚನ ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ಮನೆಯಲ್ಲಿ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ನಾಲ್ಕು ಜನರ ಮುಂದೆ ಅವಳ ಮಾತು ಗಂಟಲಲ್ಲೇ ಇಂಗಿಹೋಗುತ್ತಿತ್ತು. ಮದುವೆಯಾದ ಹೊಸತರಲ್ಲಿ ನೆಂಟರ ಹೆಂಗಸೊಬ್ಬಳು, "ಏನ್ ದೇವಿರಿ, ಮಾತೇ ಬರ್ದ ಮೂಗೀನ ತಂದ್ಬುಟ್ಟಲ್ಲ," ಎಂದು ನಕ್ಕಿದ್ದಳು. ಪಾತ್ರೆ ತೊಳೆಯುತ್ತಿದ್ದ ಸಿಂಚನಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಶಾಲೆಯ ಮಕ್ಕಳನ್ನೆಲ್ಲ ಒಂದೇ ಕೂಗಿಗೆ ಸಾಲಾಗಿ ಕೂರಿಸುವ ಗಂಟಲಲ್ಲಿ ದೇವಿರಮ್ಮ ಅಂದಿದ್ದಳು: "ಮಾತಾಡೋರು ನಮ್ಮನೇಲಿ ಬೇಕಾದಂಗೆ ಅವ್ರೆ ಕಣಮ್ಮ. ಕೇಳೋರು ಒಬ್ರಾದ್ರೂ ಬೇಡ್ವಾ?" ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಸಿಂಚನ ಮಾತ್ರ ಅದನ್ನು ಮರೆಯಲಿಲ್ಲ.

ಗುಡಿಗೆ ಹೋಗಿ ಬಂದ ಮಾರನೆಯ ದಿನ ಸೂಜಿ ಹಾಕಿದ್ದು ನೋಡುನೋಡುತ್ತಿದ್ದಂತೆ ಮುಗಿದುಹೋಯಿತು. ಸಿಂಚನಳ ಕೈಯನ್ನು ಮುರಿಯುವಂತೆ ಹಿಡಿದಿದ್ದ ದೇವಿರಮ್ಮ ಒಂದು ಕಣ್ಣು ಬಿಟ್ಟು, "ಇಷ್ಟೇಯಾ ಡಾಕ್ಟ್ರೇ? ಬದ್ನೆಕಾಯಿ ಮುಳ್ಳು ಇದಕ್ಕಿಂತ ಜೋರಾಗಿ ಚುಚ್ತದೆ," ಎಂದಳು. ನರ್ಸಮ್ಮ ಮುಖ ತಿರುಗಿಸಿ ನಕ್ಕಳು. ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ದೇವಿರಮ್ಮ ಮಸಾಲೆ ದೋಸೆ ತರಿಸಿ, ಸೊಸೆಗೂ ಒಂದು ತರಿಸಿದಳು. ಸಿಂಚನ ಅದನ್ನು ಚೂರು ಮಾಡುತ್ತ ಕೂತಳು. ಏನೂ ಇಲ್ಲ ಎಂದು ರಿಪೋರ್ಟು ಬರಲಿ ತಾಯಿ, ಆಮೇಲೆ ನನಗೆ ಏನು ಬೇಕಾದರೂ ಮಾಡು ಎಂದು ಅವಳು ಮಾರಮ್ಮನಿಗೆ ಮನಸ್ಸಿನಲ್ಲೇ ತಪ್ಪುಗಾಣಿಕೆ ಒಪ್ಪಿಸುತ್ತಿದ್ದಳು.

ಆದರೆ ರಿಪೋರ್ಟು ಹಾಗೆ ಬರಲಿಲ್ಲ.

"ಕ್ಯಾನ್ಸರೇ ಅಮ್ಮ," ಎಂದರು ಡಾಕ್ಟರ್ ಅಪೂರ್ವ, ದೇವಿರಮ್ಮನ ಕೈ ಮೇಲೆ ಕೈಯಿಟ್ಟು. "ಪೂರ್ತಿ ಕೇಳಿ. ಇದು ತುಂಬ ನಿಧಾನವಾಗಿ ಬೆಳೆಯೋ ಜಾತಿ. ಸಣ್ಣದಿರುವಾಗಲೇ ಸಿಕ್ಕಿದೆ. ಆಪರೇಷನ್ ಮಾಡಿ ತೆಗೆದುಬಿಟ್ರೆ ಬಹಳ ಜನ ತುಂಬು ಆಯಸ್ಸು ಬದುಕ್ತಾರೆ."

ದೇವಿರಮ್ಮ ಗೋಡೆ ನೋಡುತ್ತ ಕೂತಳು. ಸಿಂಚನಳ ಕಿವಿಯಲ್ಲಿ ಒಂದೇ ಮಾತು ಮೊಳಗುತ್ತಿತ್ತು. ಅಮ್ಮ ಬೇಡ ಅಂದಳು, ನಾನು ಮಾಡಿಸಿದೆ. ಅತ್ತೆಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ನೀರು ತರುತ್ತೇನೆಂದು ಹೇಳಿ, ಅವಳು ತಿರುಗಿ ಡಾಕ್ಟರ ಕೋಣೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬೇರೆ ರೋಗಿಗಳಿದ್ದರು. ಅವರೆಲ್ಲರ ಮುಂದೆಯೇ ಕೇಳಿದಳು.

"ಮೇಡಂ, ಸೂಜಿ ಚುಚ್ಚಿದ್ದಕ್ಕೇ ಹಿಂಗಾಯ್ತಾ?"

ಡಾಕ್ಟರು ಅವಳ ಮುಖವನ್ನೇ ನೋಡಿದರು. "ಮನೇಲಿ ಕಳ್ಳ ಇದಾನಾ ಅಂತ ಟಾರ್ಚ್ ಬಿಟ್ಟು ನೋಡ್ತೀಯ. ಟಾರ್ಚ್ ಬೆಳಕಿಗೆ ಕಳ್ಳ ಹುಟ್ತಾನೇನಮ್ಮ?"

"ಇಲ್ಲ."

"ಅವನು ಮೊದಲೇ ಇದ್ದ. ನಾವು ನೋಡಿದ್ವಿ ಅಷ್ಟೆ."

"ನೋಡದೆ ಹೋಗಿದ್ರೆ?"

"ಕುತ್ತಿಗೇಲಿ ಸುತ್ತಮುತ್ತ ಹಬ್ಬಿದ ಮೇಲೆ ಬರ್ತಿದ್ರೇನೋ. ಆಗ ಕೆಲಸ ಕಷ್ಟ ಆಗೋದು. ಕರ್ಕೊಂಡು ಬಂದವಳು ನೀನೇ ತಾನೆ? ಒಳ್ಳೇ ಕೆಲಸ ಮಾಡಿದೀಯ, ಹೋಗು."

ಡಾಕ್ಟರ ಮಾತು ತಲೆಗೆ ಹೊಕ್ಕಿತು. ಎದೆಗೆ ಇಳಿಯಲು ಮಾತ್ರ ಮಾರಮ್ಮ ಅಡ್ಡ ನಿಂತಿದ್ದಳು. ಆಪರೇಷನ್ ದಿನ ಸ್ಟ್ರೆಚರ್ ಗಾಡಿಯ ಮೇಲೆ ಮಲಗಿದ್ದ ದೇವಿರಮ್ಮ ಕಿವಿಯ ಓಲೆ ಬಿಚ್ಚಿ ಸೊಸೆಯ ಕೈಗೆ ಹಾಕುವಾಗ ಸಿಂಚನಳಿಗೆ ತಡೆಯಲಾಗಲಿಲ್ಲ.

"ಅತ್ತೆ, ಆವತ್ತು ಗುಡೀಲಿ..."

"ಆಮೇಲೆ ಹೇಳೀವಂತೆ. ಈಗ ಓಲೆ ಬಿಗಿಯಾಗಿ ಹಿಡ್ಕೊ. ತಿರುಪು ಸಡ್ಲ ಅದೆ."

ಗಾಡಿ ಒಳಗೆ ಹೋಯಿತು. ಪುನೀತ ಗೋಡೆಗೆ ಹಣೆ ಹಚ್ಚಿ ನಿಂತ. ಸಿಂಚನ ಮುಷ್ಟಿ ಬಿಗಿದು ಕೂತಳು. ಡಾಕ್ಟರು ಹೊರಗೆ ಬಂದು, "ಚೆನ್ನಾಗಿ ಆಯ್ತು, ಎಲ್ಲ ತೆಗೆದಿದೀವಿ, ಅಕ್ಕಪಕ್ಕಕ್ಕೆ ಹೋದ ಹಾಗೆ ಕಾಣಲಿಲ್ಲ," ಎನ್ನುವ ಹೊತ್ತಿಗೆ ಓಲೆಯ ಹರಳು ಅವಳ ಅಂಗೈಯಲ್ಲಿ ಅಚ್ಚೊತ್ತಿತ್ತು.

ಮನೆಗೆ ಬಂದಾಗ ದೇವಿರಮ್ಮನ ದನಿ ಒಡೆದು ಪಿಸುಮಾತಾಗಿತ್ತು. ಕೆಲವು ವಾರ ಹಾಗಿದ್ದು ಸರಿಹೋಗುತ್ತದೆ ಎಂದಿದ್ದರು. ನೋಡಲು ಬಂದವರಿಗೆಲ್ಲ ಸಿಂಚನಳೇ ಉತ್ತರ ಕೊಡಬೇಕಾಯಿತು. ಎದುರುಮನೆಯ ಶಾಂತಾದೇವಿ ಬಂದು, "ಸೂಜಿ ಚುಚ್ಚುದ್ರೆ ಹರಡ್ತದಂತಲ್ಲಮ್ಮ?" ಎಂದು ಕೇಳಿದಾಗ ಸಿಂಚನ ಟಾರ್ಚಿನ ಮಾತು ಹೇಳಿದಳು. ಹೇಳಿ ಮುಗಿಸಿದ ಮೇಲೆ ಕಿವಿಯೆಲ್ಲ ಬಿಸಿಯಾಗಿತ್ತು. ಗೋಡೆಗೊರಗಿದ್ದ ದೇವಿರಮ್ಮ ತುಟಿಯಂಚಲ್ಲೇ ನಕ್ಕಳು.

ತೆಗೆದ ಥೈರಾಯ್ಡ್ ಗ್ರಂಥಿಯ ಕೆಲಸವನ್ನು ಇನ್ನು ಮಾತ್ರೆ ಮಾಡಬೇಕಿತ್ತು. ಬೆಳಗಾಗೆದ್ದು ಖಾಲಿ ಹೊಟ್ಟೆಗೆ ನುಂಗಿ, ಅರ್ಧ ಗಂಟೆಯಾದರೂ ಆಗುವ ತನಕ ಕಾಫಿ ಮುಟ್ಟುವಂತಿಲ್ಲ. ಬೇರೆ ಎಲ್ಲವನ್ನೂ ಸಹಿಸಿದ ದೇವಿರಮ್ಮನಿಗೆ ಇದೊಂದು ಸಹಿಸಲಾಗಲಿಲ್ಲ. "ಕುತ್ತಿಗೆ ಕುಯ್ದಿದ್ದೇ ವಾಸಿ," ಎಂದು ಪಿಸುಗುಟ್ಟಿದಳು, ಅಡುಗೆಮನೆಯಿಂದ ಡಿಕಾಕ್ಷನ್ ವಾಸನೆ ಬರುತ್ತಿದ್ದಂತೆ.

"ನಾನೂ ಕುಡ್ದಿಲ್ಲ ಅತ್ತೆ. ಒಟ್ಟಿಗೇ ಕುಡಿಯಾಣ."

"ನಿಂಗ್ಯಾಕವ್ವ ಶಿಕ್ಷೆ?"

ಸಿಂಚನ ಅತ್ತೆಯ ಕಾಲ ಬಳಿ ಕೂತಳು. ಪುನೀತ ಆಗಲೇ ಕೆಲಸಕ್ಕೆ ಹೋಗಿದ್ದ. ಬೀದಿಯಲ್ಲಿ ಯಾರೋ ನೀರು ಚೆಲ್ಲಿ ಗುಡಿಸುತ್ತಿದ್ದರು. ಅವಳು ನೆಲ ನೋಡುತ್ತಲೇ ಹೇಳಿದಳು. "ಶಿಕ್ಷೆ ಆಗಬೇಕಾದ್ದು ನಂಗೇ. ಆವತ್ತು ಹೂವು ಎಡಗಡೆ ಬಿತ್ತು ಅತ್ತೆ. ನಾನು ಸುಳ್ಳು ಹೇಳ್ದೆ."

"ಗೊತ್ತು."

ಸಿಂಚನ ತಲೆಯೆತ್ತಿದಳು.

"ಬಲಗಡೆ ಹೂವು ಅವಳ ಭುಜದ ಮೇಲೇ ಇತ್ತಲ್ಲ. ನೀನು ಅಡ್ಡ ನಿಂತ್ಕೊಂಡ್ರೆ, ಕಡ್ಡಿ ಇದ್ದಂಗಿದ್ದೀಯ, ಏನು ಮರೆಯಾದದು? ನಾನೇನು ಕುರುಡಿಯಾ?"

"ಮತ್ತೆ... ಆಸ್ಪತ್ರೆಗೆ ಯಾಕೆ ಬಂದ್ರಿ?"

ದೇವಿರಮ್ಮನಿಗೆ ಮಾತು ಹೊರಡಿಸಲು ಹೊತ್ತು ಹಿಡಿಯಿತು. ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಂಡಳು. "ಒಂದು ಲೋಟ ನೀರು ಬೇಕಂದ್ರೂ ಬಾಯಿ ಬುಡದೋಳು ನೀನು. ಅಂಥೋಳು ದೇವ್ರೆದ್ರುಗೆ ನಿಂತು, ಗಡಗಡ ನಡುಗ್ತಾ, ನನಗೋಸ್ಕರ ಸುಳ್ಳು ಹೇಳ್ತಾವ್ಳೆ. ಹೂವ ಬೀಳ್ಸಿದ್ದೂ ಆ ತಾಯೀನೇ, ನಿನ್ ಬಾಯಿ ಬುಡ್ಸಿದ್ದೂ ಅವ್ಳೇ ಅಂದ್ಕೊಂಡೆ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮಕ್ಕಂಗೆ ಅಂಗೆ ಸುಳ್ಳು ಹೇಳೋಕೆ ಒಬ್ರೂ ಇರ್ನಿಲ್ಲ ಕಣ್ ಕೂಸೇ."

ಸಿಂಚನ ಅತ್ತೆಯ ಮೊಣಕಾಲಿಗೆ ಹಣೆ ಹಚ್ಚಿ ಕೂತಳು. ದೇವಿರಮ್ಮನ ಒರಟು ಬೆರಳುಗಳು ಅವಳ ಬೈತಲೆಯ ಮೇಲೆ ಸುಮ್ಮನೆ ಇದ್ದವು.

"ಟೈಮಾಗ್ನಿಲ್ವಾ ಇನ್ನೂ?" ಎಂದಳು ದೇವಿರಮ್ಮ, ಬಹಳ ಹೊತ್ತಿನ ಮೇಲೆ.

ಟೈಮು ಯಾವಾಗಲೋ ಆಗಿತ್ತು. ಸಿಂಚನ ಎದ್ದು ಹೋಗಿ ಹಾಲು ಬಿಸಿ ಮಾಡಿ, ಎರಡು ಲೋಟಕ್ಕೆ ನೊರೆ ಬರುವಂತೆ ಎತ್ತರದಿಂದ ಸುರಿದು ತಂದಳು. ದೇವಿರಮ್ಮ ಎರಡೂ ಕೈಯಲ್ಲಿ ಲೋಟ ಹಿಡಿದು, ಊದಿ, ಒಂದು ಗುಟುಕು ಕುಡಿದಳು. ಕುತ್ತಿಗೆಯ ಗಾಯದ ಮೇಲಿನ ಬಿಳಿ ಪಟ್ಟಿ ಮೆಲ್ಲಗೆ ಮೇಲಕ್ಕೆ ಹೋಗಿ ಮೆಲ್ಲಗೆ ಕೆಳಕ್ಕೆ ಬಂತು. ಅದು ಕೆಳಕ್ಕೆ ಬರುವ ತನಕ ನೋಡಿ, ಸಿಂಚನ ತನ್ನ ಲೋಟ ಎತ್ತಿಕೊಂಡಳು.