ಹನ್ನೊಂದು ಮಿಸ್ಡ್ ಕಾಲ್

ಆರನೆಯ ಎಪಿಸೋಡಿನ ಕೊನೆಯಲ್ಲಿ ಬಾವಿಕಟ್ಟೆಯ ಮೇಲೆ ಒಂದು ಜೊತೆ ಚಪ್ಪಲಿ ಕಂಡಿತು. ಅಷ್ಟರಲ್ಲಿ ಯಾರೋ ಹರ್ಷಿಣಿಯ ಭುಜ ಹಿಡಿದು ಅಲುಗಾಡಿಸಿದರು. ಅವಳು ಬೆಚ್ಚಿಬಿದ್ದು ಕಿವಿಯ ಇಯರ್‌ಫೋನ್ ಕಿತ್ತಳು. ಪಕ್ಕದ ಮನೆಯ ಸುಂದರಿಯಕ್ಕ.

"ಎಷ್ಟು ಕರೆದರೂ ಕೇಳುದಿಲ್ವಾ ಮಾರಾಯ್ತಿ? ಲೀಲಾಧರ ಇನ್ನೂ ಬರಲಿಲ್ಲ ಅಲ್ವಾ? ಗಂಟೆ ಒಂದು ದಾಟಿತು."

ಮಗಳನ್ನು ಶಾಲೆಯ ಬಸ್ಸು ಹತ್ತಿಸಿ ಬಂದು ಕೂತವಳು. ಒಂದೇ ಎಪಿಸೋಡ್ ಎಂದುಕೊಂಡೇ ಶುರು ಮಾಡಿದ್ದು. ಆದರೆ ಈ ಹಾಳು ಸೀರಿಯಲ್ಲುಗಳಿಗೆ ಕೊನೆ ಅಂತ ಉಂಟೇ? ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿಯೇ ಶುರುವಾಗುತ್ತದೆ, ಬೇಡ ಎನ್ನಲು ಪುರುಸೊತ್ತೇ ಕೊಡುವುದಿಲ್ಲ. ನಡುವೆ ಯಾರೂ ಫೋನ್ ಮಾಡಿ ಕೆಡಿಸಬಾರದೆಂದು ಅವಳು ರಿಂಗ್ ಕೂಡ ನಿಲ್ಲಿಸಿದ್ದಳು. ಕರೆ ಬಂದರೂ ಪರದೆಯ ಮೇಲೆ ಕಾಣದ ಹಾಗೆ ಮಾಡುವುದನ್ನು ಮಗಳೇ ಕಲಿಸಿಕೊಟ್ಟಿದ್ದಳು.

ಫೋನು ಅಸಲಿಗೆ ಗಂಡನದ್ದು. ಉಪ್ಪುನೀರು ತಾಗಿದರೆ ಹಾಳಾಗುತ್ತದೆಂದು ಲೀಲಾಧರ ಅದನ್ನು ಮನೆಯಲ್ಲೇ ಬಿಟ್ಟು, ಹಳೆಯ ಬಟನ್ ಫೋನೊಂದನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಕಡಲಿಗೆ ಒಯ್ಯುತ್ತಿದ್ದ. ಅದರಲ್ಲಿದ್ದದ್ದು ಈ ಒಂದೇ ನಂಬರ್. ಸಣ್ಣ ದೋಣಿ, ಒಬ್ಬನೇ ಹೋಗುವವನು. ಒಂದು ರಿಂಗ್ ಕೊಟ್ಟು ಕಡಿದರೆ ಬರುತ್ತಿದ್ದೇನೆ, ಬುಟ್ಟಿ ಹಿಡಿದು ದಡಕ್ಕೆ ಬಾ ಎಂದು. ಬಿಡದೆ ರಿಂಗ್ ಆದರೆ ಎಂಜಿನ್ ನಿಂತಿದೆ, ದಡದವರಿಗೆ ಹೇಳು ಎಂದು. ಗಂಡ ಹೆಂಡತಿ ಮಾತಾಡಿಕೊಂಡದ್ದು ಇಷ್ಟೇ.

ಅವಳು ಸೀರಿಯಲ್ ಬದಿಗೆ ಸರಿಸಿ ನೋಡಿದಳು. ಹನ್ನೊಂದು ಮಿಸ್ಡ್ ಕಾಲ್. ಮೊದಲನೆಯದು ಹತ್ತು ನಲವತ್ತಕ್ಕೆ, ಕೊನೆಯದು ಹನ್ನೊಂದೂ ಐದಕ್ಕೆ. ಆಮೇಲೆ ಒಂದೂ ಇಲ್ಲ. ತಿರುಗಿ ಕರೆ ಮಾಡಿದರೆ, ಸ್ವಿಚ್ ಆಫ್ ಆಗಿದೆ ಎಂದು ಒಂದು ಹೆಣ್ಣುದನಿ ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಸಾವಧಾನವಾಗಿ ಹೇಳಿತು. ಹರ್ಷಿಣಿ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಅವರ ಊರು ಎರ್ಮಾಳಿನ ದಡದಲ್ಲಿ ಉಮಾನಾಥ ಇಬ್ಬರನ್ನು ಕೂರಿಸಿಕೊಂಡು ಬಲೆ ಬಿಡಿಸುತ್ತಿದ್ದ. ಐವತ್ತು ವರ್ಷ ಕಡಲು ಕಂಡವನು, ಅವನ ದೋಣಿಗೆ ಎರಡು ಎಂಜಿನ್. ಪಡುವಣದಲ್ಲಿ ಮೋಡ ಕಪ್ಪಿಟ್ಟಿತ್ತು.

"ಉಮಣ್ಣ, ಇವರ ಎಂಜಿನ್ ನಿಂತಿದೆ. ಬಿಡದೆ ರಿಂಗ್ ಮಾಡಿದ್ದಾರೆ."

"ಯಾವಾಗ?"

ಬಾಯಿಗೆ ಬಂದ ಸತ್ಯವನ್ನು ಅವಳು ನುಂಗಿಕೊಂಡಳು. ಹೋದ ವಾರ ಅನ್ನ ಸೀದಾಗ ಅವಳ ಅತ್ತೆ, ನಿನ್ನ ಈ ಸೀರಿಯಲ್ ಒಂದು ದಿನ ನಮ್ಮ ಮನೆಯನ್ನೇ ತಿನ್ನುತ್ತದೆ ಎಂದು ಇಡೀ ಕೇರಿಗೆ ಕೇಳುವ ಹಾಗೆ ಹೇಳಿದ್ದಳು. ಸುಂದರಿಯಕ್ಕ ಏದುಸಿರು ಬಿಡುತ್ತ ಹಿಂದೆಯೇ ಬಂದು ನಿಂತಿದ್ದಳು. ದಡದಲ್ಲಿ ಇನ್ನೂ ನಾಲ್ಕು ಜನ ಸೇರಿದ್ದರು.

"ಈಗ... ಈಗಷ್ಟೇ," ಅಂದಳು.

"ಈಗ ಆದರೆ ಹೆದರ್ಬೇಡ. ಕಾಪು ದೀಪಸ್ತಂಭದ ನೇರಕ್ಕೆ ಬಲೆ ಬಿಡ್ತೇನೆ ಅಂದಿದ್ದ. ಅಲ್ಲೇ ಇರ್ತಾನೆ. ಬಡಕ್ಕೆ ಹೋಗುವ."

ದೋಣಿ ಉತ್ತರಕ್ಕೆ ಮುಖ ಮಾಡಿ ನೀರಿಗಿಳಿಯಿತು. ಹರ್ಷಿಣಿ ಮೀನುಗಾರನ ಮಗಳು; ಗಾಳಿ, ನೀರಿನ ಲೆಕ್ಕವನ್ನು ಅಪ್ಪನ ಬಾಯಿಯಿಂದ ಕೇಳಿ ಬೆಳೆದವಳು. ಗಾಳಿ ಬಡಗಿನಿಂದ ಬೀಸುತ್ತಿತ್ತು, ನೀರೂ ತೆಂಕಕ್ಕೇ ಎಳೆಯುತ್ತಿತ್ತು. ಎಂಜಿನ್ ಸತ್ತ ದೋಣಿ ಕಾಯುತ್ತ ಒಂದೇ ಕಡೆ ನಿಲ್ಲುವುದಿಲ್ಲ. ಎರಡೂವರೆ ಗಂಟೆ! ಉಮಾನಾಥ ಬಡಕ್ಕೆ ಹೋಗಿ ಹುಡುಕುತ್ತಾನೆ, ತನ್ನವರು ತೆಂಕಕ್ಕೆ ದೂರ ಹೋಗುತ್ತಾರೆ, ಅಷ್ಟರಲ್ಲಿ ಆ ಮೋಡ ಬಂದು ಮುಚ್ಚುತ್ತದೆ. ತಾನೇ ಈ ಕೈಯಾರೆ ಗಂಡನನ್ನು ಮುಳುಗಿಸುತ್ತಿದ್ದೇನೆ ಅನ್ನಿಸಿತು.

ಅವಳು ಸೊಂಟದವರೆಗೆ ನೀರಿಗೆ ಇಳಿದು ದೋಣಿಯ ಅಂಚು ಹಿಡಿದುಕೊಂಡಳು.

"ಈಗ ಅಲ್ಲ ಉಮಣ್ಣ. ಹತ್ತು ನಲವತ್ತಕ್ಕೆ ಬಂದದ್ದು. ಹನ್ನೊಂದು ಸಲ."

ಎಂಜಿನಿನ ಹಗ್ಗ ಎಳೆಯಹೊರಟ ಉಮಾನಾಥನ ಕೈ ನಿಂತಿತು. "ನೀನು ಎಂತ ಮಾಡ್ತಿದ್ದಿ?"

"ಸೀರಿಯಲ್ ನೋಡ್ತಾ ಇದ್ದೆ. ರಿಂಗ್ ಬಂದ್ ಮಾಡಿದ್ದೆ."

ಉಮಾನಾಥ ಒಮ್ಮೆ ಮೋಡದ ಕಡೆ, ಒಮ್ಮೆ ನೀರಿನ ಕಡೆ ನೋಡಿದ.

"ತಿರುಗಿಸು, ತೆಂಕಕ್ಕೆ," ಎಂದ ಜೊತೆಯವನಿಗೆ. "ಅವನು ನಮ್ಮ ಊರಿನ ನೇರವನ್ನೂ ದಾಟಿ ಆಗಿದೆ. ಪಡುಬಿದ್ರಿಯ ಆಚೆ ನೋಡುವ. ನೀನು ಕೈ ಬಿಡು ಮಗಾ."

ಅವಳು ಕೈ ಬಿಟ್ಟಳು. ದೋಣಿ ಚುಕ್ಕೆಯಾಗಿ, ಆಮೇಲೆ ಆ ಚುಕ್ಕೆಯೂ ಕಾಣದಾಯಿತು. ಎರಡು ಗಂಟೆಗೆ ಮಳೆ ಬಂತು. ಸುಂದರಿಯಕ್ಕ ಕೊಡೆ ಹಿಡಿದು ಕರೆದರೂ ಹರ್ಷಿಣಿ ಮೇಲೆ ಬರಲಿಲ್ಲ. ಫೋನಿನಲ್ಲಿ ಉಳಿದಿದ್ದದ್ದು ಶೇಕಡ ನಾಲ್ಕು ಚಾರ್ಜ್. ಮಿಕ್ಕದ್ದನ್ನೆಲ್ಲ ಬೆಳಗಿನಿಂದ ಅವಳೇ ಮುಗಿಸಿದ್ದಳು. ಗಂಟೆ ಎಷ್ಟೆಂದು ನೋಡಲೂ ಧೈರ್ಯವಾಗದೆ ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಿಂತಳು. ದೇವರೇ, ಇದೊಂದು ಸಲ, ಇದೊಂದೇ ಸಲ ಎಂದು ಗೊಣಗುತ್ತಿದ್ದಳು.

ನಾಲ್ಕೂವರೆಗೆ ಉಮಾನಾಥನ ದೋಣಿ ಬಂತು, ಹಿಂದೆ ಹಗ್ಗ ಕಟ್ಟಿದ ಇನ್ನೊಂದು. ಲೀಲಾಧರ ಬರಿಮೈಯಲ್ಲಿ ಕೂತಿದ್ದ. ಹುಟ್ಟು ಹಾಕಿ ಹಾಕಿ ಅಂಗೈ ಸುಲಿದು ಹೋಗಿತ್ತು. ಮರಳಿನ ಮೇಲೆ ಕೂತು ಒಂದು ಚೊಂಬು ನೀರು ಕುಡಿದ.

"ನಮ್ಮ ಭಜನಾ ಮಂದಿರದ ಗೋಪುರ ಕಾಣ್ತಿತ್ತು," ಎಂದ. "ಅಂಗಿ ಬಿಚ್ಚಿ ಬೀಸಿದೆ. ತುಂಬ ಹೊತ್ತು ಬೀಸಿದೆ. ಅದೂ ಗಾಳಿಗೆ ಹೋಯ್ತು."

ಹರ್ಷಿಣಿ ಅವನ ಅಂಗೈ ನೋಡುತ್ತಿದ್ದಳು.

"ಮನೆಯ ಫೋನ್ ಹಾಳಾಗಿತ್ತಾ?" ಎಂದು ಅವನು ಮೆಲ್ಲಗೆ ಕೇಳಿದ.

ಉಮಾನಾಥ ಹಗ್ಗ ಸುತ್ತುವ ನೆಪದಲ್ಲಿ ಆಚೆ ತಿರುಗಿದ.

"ಇಲ್ಲ," ಅಂದಳು.

ಅವನು ತಲೆಯಾಡಿಸಿ ಇನ್ನಷ್ಟು ನೀರು ಕೇಳಿದ.

ಐದು ದಿನ ಕಳೆದು ಎಂಜಿನ್ ರಿಪೇರಿಯಾಯಿತು, ಲೀಲಾಧರ ಮತ್ತೆ ಕಡಲಿಗೆ ಹೋದ. ಹರ್ಷಿಣಿ ಅಡುಗೆ ಮುಗಿಸಿ, ಮನೆಯ ದೊಡ್ಡ ಸ್ಟೀಲ್ ಪಾತ್ರೆಯನ್ನು ಒರೆಸಿ ಒಣಗಿಸಿ, ಫೋನನ್ನು ಅದರ ತಳದಲ್ಲಿಟ್ಟಳು. ಅಲ್ಲಿ ರಿಂಗ್ ಆದರೆ ಬಾವಿಯ ಹತ್ತಿರಕ್ಕೂ ಕೇಳುತ್ತದೆ. ಬಾವಿಗೆ ಹೋಗುವ ಕೆಲಸವಿತ್ತು, ಹೋಗಲಿಲ್ಲ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಅವಳು ಪಾತ್ರೆಯ ಎದುರು ಮೊಣಕಾಲು ಅಪ್ಪಿ ಕೂತು, ಒಳಗಿನ ಕಪ್ಪು ಪರದೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.