ಹದಿನೇಳನೇ ನಂಬರಿನ ಹೊಡೆತ

ಬಿಲ್ಲೆ ಗೋಲಿನೊಳಗೆ ಹೋಗಲಿ ಎಂದು ಸೌಜನ್ಯ ಮನಸ್ಸಿನಲ್ಲೇ ಬೇಡಿಕೊಂಡಳು. ಹೋಗಲಿಲ್ಲ. ಶೋಭಿತಾ ಎಡಗಾಲು ಚಾಚಿ ನೆಲಕ್ಕೆ ಅಂಟಿಕೊಂಡಂತೆ ಕುಸಿದು, ಆ ಕಪ್ಪು ರಬ್ಬರ್ ಬಿಲ್ಲೆಯನ್ನು ಕಾಲಿನ ಪ್ಯಾಡಿನಿಂದಲೇ ಆಚೆಗೆ ತಳ್ಳಿಬಿಟ್ಟಳು. ಗೋಡೌನಿನ ತಗಡಿನ ಸೂರಿನಡಿ ಹುಡುಗಿಯರ ಕೇಕೆ ಗುಂಯ್‌ಗುಟ್ಟಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಲಗಾಲನ್ನು ನೀಳವಾಗಿ ಚಾಚಿ ಕೂತಿದ್ದ ಸೌಜನ್ಯಳೂ ಚಪ್ಪಾಳೆ ತಟ್ಟಿದಳು. ಉಳಿದವರೆಲ್ಲ ನಿಲ್ಲಿಸಿದ ಮೇಲೂ ಎರಡು ಸಲ ತಟ್ಟಿದಳು.

"ನೋಡಿದ್ರೇನ್ರೀ? ನೀವೇ ಹುಡುಕಿ ತಂದ ಹುಡುಗಿ ಕಣ್ರೀ ಇವಳು," ಎಂದ ಕೋಚ್ ಶಶಿಕಿರಣ್, ಕುರ್ಚಿಯ ಪಕ್ಕ ನಿಂತು.

"ಹೂಂ ಸರ್. ಚೆನ್ನಾಗಿ ಆಡ್ತಿದ್ದಾಳೆ," ಎಂದಳು ಸೌಜನ್ಯ.

ಹಾಸನದ ಹೊರವಲಯದಲ್ಲಿ ಮುಚ್ಚಿಹೋಗಿದ್ದ ಆ ಕಾಫಿ ಗೋಡೌನು ಮೂರು ವರ್ಷದಿಂದ ಹೇಮಾವತಿ ಹಾಕ್ಸ್ ತಂಡದ ಮನೆಯಾಗಿತ್ತು. ಐಸ್ ಹಾಕಿ ಆಡುವ ತಂಡವೊಂದು ಹಾಸನದಲ್ಲಿ ಹುಟ್ಟಿದೆ ಎಂದಾಗ ಊರೇ ನಕ್ಕಿತ್ತು. ಐಸ್ ಕ್ಯಾಂಡಿ ಟೀಮು ಎಂದು ಅಡ್ಡಹೆಸರೂ ಬಿದ್ದಿತ್ತು. ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರದ ಹುಡುಗಿಯರು ಬಸ್ಸು ಹತ್ತಿ ಬಂದು, ಗಾಲಿಯ ಶೂ ಕಟ್ಟಿಕೊಂಡು, ಕಾಫಿಬೀಜ ಉಜ್ಜಿ ಉಜ್ಜಿ ನುಣುಪಾಗಿದ್ದ ಆ ಸಿಮೆಂಟ್ ನೆಲದ ಮೇಲೆ ಅಭ್ಯಾಸ ಮಾಡುತ್ತಿದ್ದರು. ನಿಜವಾದ ಐಸ್ ಕಾಣಬೇಕಾದರೆ ಡೆಹ್ರಾಡೂನಿಗೇ ಹೋಗಬೇಕು. ಲೀಗ್ ಪಂದ್ಯಗಳು ನಡೆಯುವುದೂ ಅಲ್ಲೇ.

ಮೊದಲ ವರ್ಷ ತಂಡ ಆಡಿದ್ದೆಲ್ಲವನ್ನೂ ಸೋತಿತು. ಎರಡನೇ ವರ್ಷ ಗೆದ್ದದ್ದು ಒಂದೇ ಒಂದು ಪಂದ್ಯ. ಆ ಎರಡು ವರ್ಷವೂ ಗೋಲಿನ ಮುಂದೆ ನಿಂತು ಹೊಡೆತ ತಿಂದವಳು ಸೌಜನ್ಯ. ಒಂದು ಪಂದ್ಯದಲ್ಲಿ ಹನ್ನೊಂದು ಗೋಲು ಬಿಟ್ಟುಕೊಟ್ಟು, ಹೆಲ್ಮೆಟ್ ತೆಗೆಯದೆಯೇ ಅತ್ತಿದ್ದಳು. ಮೂರನೇ ವರ್ಷಕ್ಕೆ ಹುಡುಗಿಯರು ಪಳಗಿದರು. ಸರಿಯಾಗಿ ಅದೇ ಹೊತ್ತಿಗೆ, ಡಿಸೆಂಬರಿನ ಅಭ್ಯಾಸದಲ್ಲಿ, ಸೌಜನ್ಯಳ ಬಲಮಂಡಿಯೊಳಗೆ ಏನೋ ಪಟ್ ಎಂದು ಹರಿಯಿತು. ಗೋಲಿನ ಮುಂದಿನ ಜಾಗಕ್ಕೆ ಶೋಭಿತಾ ಬಂದಳು. ಹಾಕ್ಸ್ ಗೆಲ್ಲತೊಡಗಿತು. ಐದರಲ್ಲಿ ನಾಲ್ಕು ಗೆದ್ದು ಫೈನಲ್ಲಿಗೂ ಬಂತು. ಸೋಲುವ ವರ್ಷಗಳೆಲ್ಲ ತನ್ನ ಪಾಲಿಗೆ, ಗೆಲ್ಲುವ ವರ್ಷ ಅವಳ ಪಾಲಿಗೆ ಎಂಬ ಮಾತು ಸೌಜನ್ಯಳ ಎದೆಯೊಳಗೆ ಮೀನಿನ ಮುಳ್ಳಿನಂತೆ ಅಡ್ಡ ಕೂತುಬಿಟ್ಟಿತ್ತು.

ಎರಡು ವರ್ಷದ ಹಿಂದೆ ಶೋಭಿತಾಳನ್ನು ತಂಡಕ್ಕೆ ಕರೆತಂದವಳೂ ಸೌಜನ್ಯಳೇ. ಕ್ರೀಡಾ ಹಾಸ್ಟೆಲಿನ ಹುಡುಗಿಯರ ಹಾಕಿ ಪಂದ್ಯ ನೋಡಲು ಹೋಗಿದ್ದಾಗ, ಗೋಲಿನ ಮುಂದೆ ಬೆಕ್ಕಿನಂತೆ ಹೊಂಚುತ್ತಿದ್ದ ಸಣಕಲು ಹುಡುಗಿಯನ್ನು ಕಂಡಿದ್ದಳು. ಗೊರೂರಿನವಳು, ಅಪ್ಪ ದ್ಯಾವಯ್ಯ ಅಣೆಕಟ್ಟೆಯಲ್ಲಿ ಕೆಲಸಕ್ಕಿದ್ದಾನೆ ಎಂದು ತಿಳಿಯಿತು. ಗಾಲಿಯ ಶೂ ಕಟ್ಟಿಸಿದ್ದು, ಬೀಳದಂತೆ ಸೊಂಟ ಹಿಡಿದು ನಡೆಸಿದ್ದು, ತನ್ನ ಹಳೆಯ ಪ್ಯಾಡು ಕೊಟ್ಟದ್ದು ಎಲ್ಲವೂ ಸೌಜನ್ಯಳೇ. ಮೊದಲ ಸಲ ಮನೆಗೆ ಕರೆದೊಯ್ದ ದಿನ, ಅಮ್ಮ ದಾಕ್ಷಾಯಣಮ್ಮ ಆ ಹುಡುಗಿಗೆ ಕಾಗದದ ಲೋಟ ಹುಡುಕುತ್ತಿದ್ದುದನ್ನು ಕಂಡು ಅಡುಗೆಮನೆಯಲ್ಲಿ ಜಗಳವಾಡಿ, ತಮ್ಮ ಲೋಟದಲ್ಲೇ ಕಾಫಿ ಕೊಡಿಸಿದ್ದಳು. ಆ ಸಂಗತಿಯನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಬಗ್ಗೆ ಒಂದು ಬಗೆಯ ಮೆಚ್ಚುಗೆ ಮೂಡುತ್ತಿತ್ತು.

ಫೈನಲ್ಲಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಶೋಭಿತಾ ಬಿ.ಎಂ. ರಸ್ತೆಯ ಸೌಜನ್ಯಳ ಮನೆಗೇ ಬಂದಳು. ಬಾಗಿಲು ತೆಗೆದ ದಾಕ್ಷಾಯಣಮ್ಮ, "ಬಾಮ್ಮ ಬಾ. ಪೇಪರಲ್ಲಿ ನಿನ್ ಫೋಟೋ ನೋಡ್ದೆ. ಕತ್ರಿಸಿ ಇಟ್ಟಿದೀನಿ," ಎಂದು ಒಳಗೆ ಕರೆದು, ನೆಂಟರು ಬಂದಾಗ ಮಾತ್ರ ತೆಗೆಯುವ ಪಿಂಗಾಣಿ ಕಪ್ಪಿನಲ್ಲಿ ಕಾಫಿ ತಂದುಕೊಟ್ಟಳು. ಅಂಗಡಿಗೆ ಹೊರಟಿದ್ದ ಅಪ್ಪ ಚಂದ್ರಯ್ಯನವರೂ ಚಪ್ಪಲಿ ಬಿಟ್ಟು ವಾಪಸ್ಸು ಬಂದು, "ಗೆದ್ಕೊಂಡ್ ಬರ್ಬೇಕು ಮಗಳೇ," ಎಂದರು. ತನ್ನ ಎರಡು ವರ್ಷದಲ್ಲಿ ಪೇಪರಿನವರು ಹಾಕಿದ್ದ ಒಂದೇ ಒಂದು ಫೋಟೋವನ್ನು ಅಮ್ಮ ಕತ್ತರಿಸಿಟ್ಟಿದ್ದಳೇ? ಸೌಜನ್ಯಳಿಗೆ ನೆನಪಾಗಲಿಲ್ಲ. ತನ್ನ ಸ್ಟೀಲ್ ಲೋಟದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಪಕ್ಕಕ್ಕಿಟ್ಟಳು.

"ಅಕ್ಕಾ, ಫೈನಲ್ಲಲ್ಲಿ ನಮ್ಗೆದುರಾಗಿರೋ ಲೇಹ್ ಟೀಮಿನ ಅದಿನೇಳನೇ ನಂಬರವ್ಳು ಇದಾಳಲ್ಲ," ಎಂದಳು ಶೋಭಿತಾ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು. "ಲೀಗ್ ಮ್ಯಾಚಲ್ಲಿ ಅವ್ಳು ಆಡ್ನಿಲ್ಲ. ಕೈಗೆ ಏಟಾಗಿತ್ತಂತೆ. ಈಗ ಬತ್ತಾವ್ಳೆ. ನೀನು ಅವ್ಳ ಮುಂದೆ ಎರಡು ವರ್ಸ ನಿಂತಿದೀಯ. ಒಬ್ಳೇ ನುಗ್ಗಿ ಬಂದಾಗ ಎಂಗೆ ಒಡೀತಾಳೆ? ಯೋಳಕ್ಕ."

ಸೌಜನ್ಯಳಿಗೆ ಚೆನ್ನಾಗಿ ಗೊತ್ತಿತ್ತು. ಹದಿನೇಳನೇ ನಂಬರಿನವಳು ಬಲಭುಜ ತಗ್ಗಿಸುತ್ತಾಳೆ. ಗೋಲು ಕಾಯುವ ಗೋಲಿ ತನ್ನ ಎಡಕ್ಕೆ ಬೀಳಲಿ ಎಂದೇ ತಗ್ಗಿಸುತ್ತಾಳೆ. ಬಿದ್ದ ಮರುಗಳಿಗೆ ಬಿಲ್ಲೆಯನ್ನು ಗೋಲಿಯ ಬಲಕ್ಕೆ ಎಳೆದು ಮೇಲಕ್ಕೆ ಎತ್ತಿಬಿಡುತ್ತಾಳೆ. ಅಲುಗಾಡದೆ ಕಾದವಳು ಮಾತ್ರ ಅದನ್ನು ತಡೆಯಬಲ್ಲಳು. ಇದನ್ನು ಕಲಿಯಲು ಸೌಜನ್ಯ ಮೂರು ಗೋಲು ತೆತ್ತಿದ್ದಳು.

ಶೋಭಿತಾ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ಅಡುಗೆಮನೆಯಿಂದ ಅಮ್ಮ, "ಉಪ್ಪಿಟ್ಟು ಮಾಡ್ತೀನಿ, ತಿಂದ್ಕೊಂಡೇ ಹೋಗ್ಬೇಕು," ಎಂದು ಕೂಗಿದಳು.

"ಬಲಭುಜ ತಗ್ಗಿಸ್ತಾಳೆ," ಎಂದಳು ಸೌಜನ್ಯ. "ತಗ್ಗಿಸಿದ ತಕ್ಷಣ ನಿನ್ನ ಎಡಕ್ಕೆ ಬೀಳು. ಕಾಯಬೇಡ. ಕಾದರೆ ಕೆಟ್ಟೆ."

ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಬೆರಗಾಯಿತು. ಶೋಭಿತಾ ತುಟಿಯಲ್ಲೇ ಎರಡು ಸಲ ಹೇಳಿಕೊಂಡು ಬಾಯಿಪಾಠ ಮಾಡಿದಳು. ಆಮೇಲೆ ಉಪ್ಪಿಟ್ಟು ತಿಂದು, ತಟ್ಟೆಯನ್ನು ತಾನೇ ತೊಳೆಯಹೋಗಿ ದಾಕ್ಷಾಯಣಮ್ಮನಿಂದ ಬೈಸಿಕೊಂಡು, ಹೊರಟುಹೋದಳು. ರೈಲಿನಲ್ಲಿ ಎರಡು ದಿನ ಜೊತೆಗಿದ್ದರೂ, ತಿದ್ದಿ ಹೇಳಲು ಹತ್ತಾರು ಅವಕಾಶ ಸಿಕ್ಕರೂ, ಸೌಜನ್ಯ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಪಂದ್ಯದ ದಿನವೂ ಬಂತು.

ಫೈನಲ್ ಎರಡು ಎರಡಕ್ಕೆ ಸಮವಾಯಿತು. ಒಬ್ಬೊಬ್ಬರೇ ಬಂದು ಹೊಡೆಯುವ ಶೂಟೌಟ್ ಉಳಿಯಿತು. ಶೋಭಿತಾ ನಾಲ್ವರಲ್ಲಿ ಮೂವರನ್ನು ತಡೆದಳು. ಹಾಕ್ಸ್ ಕೂಡ ನಾಲ್ಕರಲ್ಲಿ ಒಂದೇ ಗೋಲು ಹೊಡೆದಿತ್ತು. ಐದನೆಯವಳಾಗಿ ಬಂದವಳು ಹದಿನೇಳನೇ ನಂಬರಿನವಳು. ಐಸಿನ ಮೇಲೆ ಸರ್‍ರನೆ ಜಾರಿ ಬಂದು ಬಲಭುಜ ತಗ್ಗಿಸಿದಳು. ಶೋಭಿತಾ ಎಡಕ್ಕೆ ಬಿದ್ದಳು. ಬಿಲ್ಲೆ ಬಲಮೂಲೆಯಲ್ಲಿ ಬಲೆಯನ್ನು ಉಬ್ಬಿಸಿತು. ಕೊನೆಯದಾಗಿ ಹೊಡೆಯಬೇಕಿದ್ದ ಹಾಕ್ಸ್ ಹುಡುಗಿ ಗುರಿ ತಪ್ಪಿದಳು. ಅಲ್ಲಿಗೆ ಮುಗಿಯಿತು.

ಬೆಂಚಿನಲ್ಲಿದ್ದ ಸೌಜನ್ಯಳಿಗೆ ಮೊದಲು ಆದದ್ದು ನೆಮ್ಮದಿ. ಕಾದ ಹೊಟ್ಟೆಗೆ ತಣ್ಣೀರು ಬಿದ್ದಂಥ ನೆಮ್ಮದಿ. ಅದು ಒಂದು ಉಸಿರಿನಷ್ಟು ಹೊತ್ತು ಇತ್ತು. ಅಷ್ಟರಲ್ಲಿ ಶೋಭಿತಾ ಐಸಿನ ಮೇಲೆ ಮಂಡಿಯೂರಿಕೊಂಡೇ ತಿರುಗಿ, ಬೆಂಚಿನ ಸಾಲಿನಲ್ಲಿ ಯಾರನ್ನೋ ಹುಡುಕಿ, ಸೌಜನ್ಯ ಕಂಡೊಡನೆ ದಪ್ಪ ಗ್ಲೌಸಿನ ಕೈಯನ್ನು ಎದೆಗೆ ಒತ್ತಿ ತಲೆಬಾಗಿಸಿದಳು. ಕ್ಷಮೆ ಕೇಳುತ್ತಿದ್ದಳು.

ಎರಡನೇ ಸ್ಥಾನವೆಂದರೂ ಹಾಸನಕ್ಕೆ ಅದು ಸಣ್ಣ ಸುದ್ದಿಯಲ್ಲ. ನಕ್ಕಿದ್ದ ಊರೇ ಹಾರ ಹಿಡಿದು ಸ್ಟೇಷನ್ನಿಗೆ ಬಂತು. ನಾಲ್ಕು ದಿನ ಬಿಟ್ಟು ಕಲಾಕ್ಷೇತ್ರದಲ್ಲಿ ಸನ್ಮಾನ. ಕೊನೆಯಲ್ಲಿ ಮೈಕು ಶೋಭಿತಾಳ ಕೈಗೆ ಬಂತು. ಅವಳು ಗಂಟಲು ಸರಿಮಾಡಿಕೊಂಡಳು.

"ಆ ಲಾಸ್ಟ್ ಗೋಲು ನನ್ ತಪ್ಪು. ನಮ್ ಸೌಜನ್ಯಕ್ಕ ಎಲ್ಲಾನೂ ಮೊದ್ಲೇ ಯೋಳ್ಕೊಟ್ಟಿದ್ರು. ನಾನೇ ಆತುರ ಬಿದ್ದೆ. ಇವತ್ತು ಈ ಟೀಮು ಇಲ್ಲಿಗಂಟ ಬಂದೈತೆ ಅಂದ್ರೆ ಅವ್ರು ಹಾಕ್ಕೊಟ್ಟ ಅಡಿಪಾಯ."

ಸಭೆ ಚಪ್ಪಾಳೆ ತಟ್ಟಿತು. ಯಾರೋ ಸೌಜನ್ಯಳನ್ನು ಎಬ್ಬಿಸಿ ನಿಲ್ಲಿಸಿದರು. ಹೆಗಲ ಮೇಲೆ ಬಿದ್ದ ಶಾಲು ಮುಳ್ಳಿನ ಕಂಬಳಿಯಂತೆ ಚುಚ್ಚಿತು. ಮುಂದಿನ ಸಾಲಿನಲ್ಲಿ ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಭಾನುವಾರ ಬೆಳಿಗ್ಗೆ ಸೌಜನ್ಯ ಗೊರೂರಿನ ಬಸ್ಸು ಹತ್ತಿದಳು. ನೀರಾವರಿ ಇಲಾಖೆಯ ವಸತಿಗೃಹಗಳ ಕೊನೆಯ ಸಾಲಿನಲ್ಲಿ ಆ ಮನೆ. ಎರಡು ವರ್ಷದಲ್ಲಿ ಶೋಭಿತಾ ಹತ್ತು ಸಲವಾದರೂ ಕರೆದಿದ್ದಳು. ಸೌಜನ್ಯ ಒಂದು ಸಲವೂ ಬಂದಿರಲಿಲ್ಲ ಎಂಬುದು ಗೇಟಿನ ಮುಂದೆ ನಿಂತಾಗಲೇ ಅವಳಿಗೆ ಹೊಳೆದದ್ದು.

ಅಂಗಳದ ನಲ್ಲಿಯ ಬಳಿ ಶೋಭಿತಾ ಕುಕ್ಕರುಗಾಲಲ್ಲಿ ಕೂತು ಪ್ಯಾಡುಗಳನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಬಂದವಳನ್ನು ಕಂಡು ತಲೆಯಾಡಿಸಿದಳು. ಏಳಲಿಲ್ಲ. ಒಳಗಿನಿಂದ ತಾಯಿ ಮಾರಮ್ಮ ಇಣುಕಿ, "ಅಯ್ಯೋ ಸೌಜನ್ಯವ್ವನಾ! ಕುಂತ್ಕೊ ಮಗ, ಉಂಡ್ಕಂಡೇ ಓಗ್ಬೇಕು," ಎಂದು ಮತ್ತೆ ಒಲೆಯ ಕಡೆ ಓಡಿದಳು.

ಸೌಜನ್ಯ ನಿಂತೇ ಇದ್ದಳು. ಬಸ್ಸಿನುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಯಿತು.

"ಬೇಕು ಅಂತಲೇ ತಪ್ಪು ಹೇಳ್ದೆ ಶೋಭಿ. ಹದಿನೇಳು ಎಡಕ್ಕೆ ಹೊಡೆಯಲ್ಲ. ನನಗೆ ಗೊತ್ತಿತ್ತು."

ಶೋಭಿತಾಳ ಬ್ರಷ್ಷು ನಿಲ್ಲಲಿಲ್ಲ.

"ಗೊತ್ತು," ಎಂದಳು.

"ಯಾವಾಗಿಂದ?"

"ಬರ್ತಾ ರೈಲಲ್ಲಿ. ಕೋಚ್ ಸಾ ಕಳ್ಸಿದ್ದ ಹಳೇ ಮ್ಯಾಚಿನ ವೀಡಿಯೊ ಪೋನಲ್ಲೇ ಇದ್ವು. ಆಡಕ್ ಮುಂಚೆ ನೋಡ್ನಿಲ್ಲ. ಅಕ್ಕನೇ ಯೋಳವ್ಳಲ್ಲ, ಇನ್ನ್ಯಾಕೆ ನೋಡದು ಅಂತ ಬುಟ್ಬುಟ್ಟೆ." ನಲ್ಲಿ ತಿರುಗಿಸಿ ನೊರೆ ತೊಳೆದಳು. "ನಿಮ್ಗೇ ಮೂರು ಗೋಲ್ ಒಡ್ದವ್ಳೆ. ಮೂರೂ ಒಂದೇ ತರ."

ನಿಮ್ಗೆ ಎಂದಳು. ಸೌಜನ್ಯಳ ಕಿವಿಗೆ ಅದೊಂದೇ ಮಾತು ಬಡಿಯಿತು.

"ಗೊತ್ತಿದ್ದೂ ಮೈಕಿನಲ್ಲಿ ಯಾಕೆ ಹಾಗೆ ಹೇಳ್ದೆ?"

"ಮತ್ತಿನ್ನೇನ್ ಯೋಳ್ಬೇಕಾಗಿತ್ತು? ಮೂರು ವರ್ಸಕ್ಕೆ ಈಗ ಟೀಮು ತಲೆ ಎತ್ತೈತೆ. ಇರೋ ಇಬ್ರು ಗೋಲಿಗಳು ಕಿತ್ತಾಡ್ಕಂಡ್ರು ಅಂತ ಪೇಪರಲ್ಲಿ ಬರ್ಬೇಕಾ?"

"ನಾನು ಶಶಿಕಿರಣ್ ಸರ್ ಹತ್ರ ಹೋಗಿ ಎಲ್ಲ ಹೇಳ್ತೀನಿ. ಟೀಮ್ ಬಿಡು ಅಂದ್ರೆ ಬಿಡ್ತೀನಿ."

ಶೋಭಿತಾ ಮೊದಲ ಸಲ ಮುಖ ಎತ್ತಿ ನೋಡಿದಳು. ಸಿಟ್ಟಿದ್ದಿದ್ದರೆ ಸೌಜನ್ಯಳಿಗೆ ಸಹಿಸುವುದು ಸುಲಭವಾಗುತ್ತಿತ್ತು. ಅದು ದಣಿದ ಮುಖ.

"ಬ್ಯಾಡಿ. ಯೋಳ್ಬುಟ್ರೆ ನಿಮ್ಗೆ ಅಗುರ ಆಯ್ತದೆ. ನಂಗೇನಾಯ್ತದೆ?" ಪ್ಯಾಡನ್ನು ಝಾಡಿಸಿ ಕಾಂಪೌಂಡಿನ ಮೇಲೆ ಒಣಹಾಕಿದಳು. "ನಾಳೆಯಿಂದ ಪ್ರಾಕ್ಟೀಸು ಐತೆ. ನಿಮ್ ಕಾಲು ಸರಿಹೋದ್ರೆ ನನ್ ಜಾಗ ಕಿತ್ಕಳಿ. ಆಡಿ ಕಿತ್ಕಳಿ."

ಮಾರಮ್ಮ ಊಟಕ್ಕೆ ಕರೆದಳು. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ತಂಡದ ಗ್ರೂಪ್ ಫೋಟೋ. ನೆಲದ ಮೇಲೆ ಚಾಪೆ ಹಾಸಿತ್ತು. ಸೌಜನ್ಯಳ ಮಂಡಿ ಇನ್ನೂ ಪೂರ್ತಿ ಮಡಚುತ್ತಿರಲಿಲ್ಲವೆಂದು ಮಾರಮ್ಮ ಪಕ್ಕದ ಮನೆಯಿಂದ ಕುರ್ಚಿಯೊಂದನ್ನು ಹೊತ್ತು ತಂದಳು.

"ನಿಂಗೆ ಅಂತ ಸೊಪ್ಪಿನ ಸಾರು ಬ್ಯಾರೆ ಮಡ್ಗಿವ್ನಿ ಕಣವ್ವ. ಮೀನಿನ ಸೌಟು ತಾಕ್ಸಿಲ್ಲ. ಧೈರ್ಯವಾಗಿ ಉಣ್ಣು."

ತಾಯಿ ಮಗಳು ಚಾಪೆಯ ಮೇಲೆ, ಅವಳೊಬ್ಬಳು ಮೇಲೆ ಕುರ್ಚಿಯಲ್ಲಿ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು.

ಶೋಭಿತಾ ಸಾರಿನ ಪಾತ್ರೆ ಹಿಡಿದು ಎದ್ದು ಬಂದಳು.

"ಇನ್ನೊಂಚೂರು ಬುಡ್ಲಾ ಮೇಡಂ?"

ಮಾರಮ್ಮನ ಕೈಯ ತುತ್ತು ಅರ್ಧದಲ್ಲೇ ನಿಂತಿತು. ಮಗಳ ಮುಖ ನೋಡಿದಳು, ಸೌಜನ್ಯಳ ಮುಖ ನೋಡಿದಳು, ತಟ್ಟೆಯ ಕಡೆ ತಿರುಗಿದಳು.

"ಹೂಂ," ಎಂದಳು ಸೌಜನ್ಯ.

ಶೋಭಿತಾ ಬಡಿಸಲು ಬಾಗಿದಾಗ ಅವಳ ಅಂಗಿಯ ಕತ್ತಿನ ಪಟ್ಟಿ ಸರಿಯಿತು. ಕೊರಳೆಲುಬಿನ ಕೆಳಗೆ, ಪ್ಯಾಡು ಮುಚ್ಚದ ಬೆರಳಗಲದ ಜಾಗದಲ್ಲಿ, ಫೈನಲ್ಲಿನಲ್ಲಿ ಬಿಲ್ಲೆ ಬಡಿದ ಗುರುತಿತ್ತು. ನಡುವೆ ಇನ್ನೂ ನೇರಳೆ ಬಣ್ಣ. ಸುತ್ತಲ ಅಂಚು ಆಗಷ್ಟೇ ಹಳದಿಗೆ ತಿರುಗುತ್ತಿತ್ತು.